ಬೆಂಗಳೂರಿನಿಂದ ದಿಲ್ಲಿಗೆ ರೈಲು: ಹಗಲು ಎಲ್ಲಿ ಬೀಳುತ್ತದೆ ನೋಡಿ ಗಾಡಿ ಆರಿಸಿ

ದಿಲ್ಲಿಗೆ ರೈಲಲ್ಲಿ ಹೋಗುವವರು ಈಗ ಮೂರು ಥರ. ದುಡ್ಡು ಉಳಿಸಬೇಕಾದವರು, ವಿಮಾನಕ್ಕೆ ಹೇರಲಾಗದಷ್ಟು ಲಗೇಜು ಇರುವವರು, ರೈಲೇ ಆಗಬೇಕು ಅಂತ ಹಟ ಹಿಡಿದವರು. ದಿಲ್ಲಿಯಲ್ಲಿ ಓದುತ್ತಿದ್ದಾಗ ಮೊದಲ ಕಾರಣಕ್ಕೆ ಹತ್ತಿದವಳು ನಾನು. ಈಗ ಕೆಲಸಕ್ಕೆ ಸೇರಿದ ಮೇಲೂ ರಜೆ ಸಿಕ್ಕಿದರೆ ಮೂರನೇ ಕಾರಣಕ್ಕೆ ಹತ್ತುತ್ತೇನೆ. ಹಾಗಾಗಿ ಪರಿಚಯದ ಹುಡುಗ ಹುಡುಗಿಯರು ಫೋನ್ ಮಾಡಿ "ಅಕ್ಕಾ, ಯಾವ ಟ್ರೈನ್ ಬೆಸ್ಟು?" ಅಂತ ಕೇಳುತ್ತಿರುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ.

ಸಾಮಾನ್ಯವಾಗಿ ಎಲ್ಲರೂ ರಾತ್ರಿಯ ಲೆಕ್ಕದಲ್ಲೇ ಟಿಕೆಟ್ ಮಾಡುತ್ತಾರೆ. ನಿದ್ದೆ ಬರುತ್ತಾ, ಬೆಡ್‌ಶೀಟ್ ಕೊಡ್ತಾರಾ, ಮೇಲಿನ ಬರ್ತಾ ಕೆಳಗಿನದಾ ಅಂತ. ಒಂದು ರಾತ್ರಿಯ ಹುಬ್ಬಳ್ಳಿಗೋ ಮಂಗಳೂರಿಗೋ ಅದು ಸರಿ. ಎರಡು ರಾತ್ರಿ, ಒಂದು ಇಡೀ ಹಗಲಿನ ಪ್ರಯಾಣಕ್ಕೆ ಆ ಲೆಕ್ಕ ಸಾಲದು. ರಾತ್ರಿ ಹೇಗೋ ಮಲಗಿ ಕಳೆಯುತ್ತೀರಿ. ಕಳೆಯಬೇಕಾದ್ದು ನಡುವಿನ ಹದಿಮೂರು ಗಂಟೆಯ ಹಗಲು. ಆ ಹಗಲು ಯಾವ ಊರುಗಳ ನಡುವೆ ಬೀಳುತ್ತದೆ, ಆಗ ನೀವು ಎಲ್ಲಿ ಕೂತಿರುತ್ತೀರಿ, ಹೊರಗೆ ಎಷ್ಟು ಬಿಸಿಲು ಇರುತ್ತದೆ ಎಂಬುದನ್ನು ನೋಡಿದರೆ ಗಾಡಿ, ಕ್ಲಾಸು, ಬರ್ತು ಮೂರೂ ತಾನಾಗಿ ತೀರ್ಮಾನವಾಗುತ್ತವೆ.

ಕರ್ನಾಟಕ ಎಕ್ಸ್‌ಪ್ರೆಸ್ಸೋ ರಾಜಧಾನಿಯೋ

12627 ಕರ್ನಾಟಕ ಎಕ್ಸ್‌ಪ್ರೆಸ್ ಸಂಜೆ ಏಳು ದಾಟಿದ ಮೇಲೆ ಮೆಜೆಸ್ಟಿಕ್‌ನ ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ ಹೊರಡುತ್ತದೆ. ಸುಮಾರು 2,400 ಕಿ.ಮೀ. ಓಡಿ ಮೂರನೇ ದಿನ ಬೆಳಗ್ಗೆ ನವದೆಹಲಿ ನಿಲ್ದಾಣ ಸೇರುತ್ತದೆ. ಹಿಂದೆ ಕೇರಳದ ಡಬ್ಬಿಗಳನ್ನೂ ಸೇರಿಸಿಕೊಂಡು ಓಡುತ್ತಿದ್ದುದರಿಂದ ಹಳಬರು ಈಗಲೂ ಇದನ್ನು 'ಕೆಕೆ' ಅನ್ನುತ್ತಾರೆ. 22691 ರಾಜಧಾನಿಯೂ ಅಲ್ಲಿಂದಲೇ ರಾತ್ರಿ ಎಂಟರ ಆಸುಪಾಸಿಗೆ ಹೊರಡುತ್ತದೆ. ಅದು ಹೋಗುವುದು ಹಜ್ರತ್ ನಿಜಾಮುದ್ದೀನ್‌ಗೆ, ಮೂರನೇ ದಿನ ನಸುಕಿಗೆ. ಎರಡಕ್ಕೂ ಇರುವ ವ್ಯತ್ಯಾಸ ನಾಲ್ಕೈದು ಗಂಟೆಯಷ್ಟೇ. ಬರೀ ಆ ನಾಲ್ಕೈದು ಗಂಟೆ ಉಳಿಸುವುದಕ್ಕೆ ರಾಜಧಾನಿ ಹತ್ತುವವರನ್ನು ಕಂಡರೆ ನನಗೆ ಆಶ್ಚರ್ಯವೇ.

ಎರಡೂ ಗಾಡಿ ಧರ್ಮಾವರಂ, ಗುಂತಕಲ್, ರಾಯಚೂರು, ಯಾದಗಿರಿ ದಾಟಿ ವಾಡಿಯ ತನಕ ಒಂದೇ ದಾರಿಯಲ್ಲಿ ಹೋಗುತ್ತವೆ. ಮಂತ್ರಾಲಯದ ಹತ್ತಿರದ ತುಂಗಭದ್ರೆಯನ್ನೂ ಆಮೇಲಿನ ಕೃಷ್ಣೆಯನ್ನೂ ಎರಡರಲ್ಲೂ ನಿದ್ದೆಯಲ್ಲೇ ದಾಟುತ್ತೀರಿ. ಆಮೇಲೆ ಗೆರೆ ಕವಲೊಡೆಯುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿ ಮೇಲೆ ಸೊಲ್ಲಾಪುರಕ್ಕೆ ಹೋಗುತ್ತದೆ. ಬೆಳಕು ಹರಿಯುವುದು ಸೊಲ್ಲಾಪುರದ ಸುತ್ತಮುತ್ತ. ಅಲ್ಲಿಂದ ಸಂಜೆಯವರೆಗೆ ನೀವು ನೋಡುವುದು ಮಹಾರಾಷ್ಟ್ರವನ್ನೇ: ದೌಂಡ್, ಅಹ್ಮದ್‌ನಗರ (ಈಗ ಅಹಿಲ್ಯಾನಗರ), ಮನ್ಮಾಡ್, ಜಳಗಾಂವ್, ಭುಸಾವಳ. ಕಬ್ಬು, ಈರುಳ್ಳಿ, ಬೋಳು ಗುಡ್ಡ, ಮತ್ತೆ ಕಬ್ಬು. ನಿಜ ಹೇಳಬೇಕೆಂದರೆ ಮನ್ಮಾಡ್ ತನಕದ ನೋಟ ಏಕತಾನ. ಬಿಜಾಪುರ, ಕಲಬುರಗಿ ಕಡೆಯವರಿಗಂತೂ ಇನ್ನೂ ತಮ್ಮೂರಲ್ಲೇ ಇದ್ದೇವೆ ಅನ್ನಿಸುತ್ತದೆ. ಜಳಗಾಂವ್ ಬಂದ ಮೇಲೆ ಬಾಳೆತೋಟ ಶುರುವಾಗುತ್ತದೆ. ಭುಸಾವಳ ದಾಟಿ ರಾವೇರ್, ಬುರ್ಹಾನ್‌ಪುರ ಕಡೆಗೆ ಎರಡೂ ಬದಿಗೆ ಬಾಳೆಯೇ. ಬೇಸಿಗೆಯ ಉದ್ದ ಸಂಜೆಯಲ್ಲಿ, ಗಾಡಿ ಹೊತ್ತಿಗೆ ಸರಿಯಾಗಿದ್ದರೆ, ಆ ಹಸಿರು ಕಣ್ಣಿಗೆ ಸಿಗುತ್ತದೆ.

ಈ ಗಾಡಿಯ ನಿಜವಾದ ಬೋನಸ್ಸು ಮೂರನೇ ದಿನದ ಬೆಳಗ್ಗೆ. ಗ್ವಾಲಿಯರ್ ಬಿಟ್ಟು ಮುರೇನಾ ದಾಟಿ ಧೋಲ್‌ಪುರ ಬರುವ ಮುಂಚೆ ಚಂಬಲ್ ನದಿ. ಎರಡೂ ದಡದಲ್ಲಿ ಮಣ್ಣು ಕೊರೆದು ಕೊರೆದು ಆದ ಕಂದರಗಳು, ಮೈಲಿಗಟ್ಟಲೆ. ನಮ್ಮ ಕಡೆ ಅಂಥ ನೆಲ ಇಲ್ಲ. ಪಕ್ಕದಲ್ಲಿ ಕೂತ ಯಾರಾದರೂ ಒಬ್ಬರು ಡಕಾಯಿತರ ಕಥೆ ತೆಗೆದೇ ತೆಗೆಯುತ್ತಾರೆ, ಕೇಳಿಸಿಕೊಳ್ಳಿ. ಆಮೇಲೆ ಆಗ್ರಾ, ಮಥುರಾ. ರಾಜಧಾನಿ ಈ ಜಾಗವನ್ನೆಲ್ಲ ಕತ್ತಲಲ್ಲಿ ಹಾದುಹೋಗಿರುತ್ತದೆ.

ರಾಜಧಾನಿಯ ಹಗಲು ಬೇರೆ. ಸಿಕಂದರಾಬಾದಿನಲ್ಲಿ ಬೆಳಗ್ಗೆ ಕಾಫಿ. ಕಾಜಿಪೇಟೆ ಆದ ಮೇಲೆ ಕಲ್ಲಿದ್ದಲ ಸೀಮೆ, ಮಂಚಿರ್ಯಾಲ್ ಹತ್ತಿರ ಗೋದಾವರಿ, ಆಮೇಲೆ ಕಾಗಜ್‌ನಗರದ ಕಡೆ ಕಾಡು. ಬಲ್ಹಾರ್ಷಾ, ಮಧ್ಯಾಹ್ನದ ಮೇಲೆ ನಾಗಪುರ. ಅಲ್ಲಿಂದ ಮುಂದೆ ಬೇತೂಲ್, ಇಟಾರ್ಸಿ ನಡುವೆ ಸಾತ್ಪುಡಾ ಘಾಟಿ. ಸುರಂಗ, ತಿರುವು, ತೇಗದ ಕಾಡು. ಸಂಜೆ ಬೆಳಕು ಇನ್ನೂ ಉಳಿದಿರುವ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಹೋದರೆ ಅದು ಸಿಗುತ್ತದೆ. ಡಿಸೆಂಬರಿನಲ್ಲಿ ಅಷ್ಟೊತ್ತಿಗೆ ಕಿಟಕಿಯಲ್ಲಿ ಕಾಣುವುದು ನಿಮ್ಮದೇ ಮುಖ. ಬರೀ ನೋಟದ ಲೆಕ್ಕದಲ್ಲಿ ರಾಜಧಾನಿಯ ಹಗಲೇ ಮೇಲು, ಇದನ್ನು ಒಪ್ಪಿಕೊಳ್ಳಲೇಬೇಕು.

ಹಾಗಿದ್ದೂ ಓದುವ ಹುಡುಗರಿಗೆ ನಾನು ರಾಜಧಾನಿ ಹೇಳುವುದಿಲ್ಲ. ಒಂದು, ದರ. ಅದರಲ್ಲಿ ಇರುವುದು ಎಸಿ ಕ್ಲಾಸುಗಳು ಮಾತ್ರ. ಅದರ ಮೇಲೆ 2016ರಿಂದ ಫ್ಲೆಕ್ಸಿ ದರ ಬೇರೆ: ಸೀಟು ತುಂಬುತ್ತ ಹೋದಂತೆ ಟಿಕೆಟ್ ಬೆಲೆ ಏರುತ್ತದೆ. ತಡವಾಗಿ ಬುಕ್ ಮಾಡಿದರೆ ವಿಮಾನದ ದರಕ್ಕೆ ಹತ್ತಿರ ಬಂದುಬಿಡುತ್ತದೆ, ಆಗ ರೈಲೇಕೆ? ಎರಡನೆಯದು, ನಿಲುಗಡೆ ಕಡಿಮೆ. ಹತ್ತಿ ಇಳಿಯುವ ಜನ ಇಲ್ಲ, ಮಾರುವವರು ಬರುವುದಿಲ್ಲ. ಹತ್ತಿದ ಮುಖಗಳೇ ಕೊನೆವರೆಗೂ. ಕೆಲವರಿಗೆ ಇದೇ ಅನುಕೂಲ, ಅಮ್ಮ ಅಪ್ಪನ ಜತೆ ಹೋಗುವಾಗ ನಾನೂ ರಾಜಧಾನಿಯನ್ನೇ ಮಾಡುತ್ತೇನೆ. ಒಬ್ಬಳೇ ಹೋಗುವಾಗ ನನಗೆ ಗಲಾಟೆ ಬೇಕು.

ಇನ್ನು ಸಂಪರ್ಕ ಕ್ರಾಂತಿ. ಯಶವಂತಪುರದಿಂದ ನಿಜಾಮುದ್ದೀನ್‌ಗೆ ಹೋಗುತ್ತದೆ, ದಾರಿ ಎರಡಿದೆ, ಒಂದು ಹುಬ್ಬಳ್ಳಿ ಮೇಲೆ. ವಾರದ ಎಲ್ಲ ದಿನವೂ ಒಂದೇ ದಾರಿಯಲ್ಲ, ಬುಕ್ ಮಾಡುವಾಗ ಗಾಡಿ ನಂಬರ್ ನೋಡಿಕೊಳ್ಳಿ. ಮಧ್ಯ ಕರ್ನಾಟಕದವರು ಬೆಂಗಳೂರಿಗೆ ಬಂದು ಹತ್ತುವ ಬದಲು ಇದನ್ನೇ ನೋಡಬಹುದು. ಬೆಳಗಾವಿ ಕಡೆಯವರಿಗೆ ವಾಸ್ಕೊದಿಂದ ನಿಜಾಮುದ್ದೀನ್‌ಗೆ ಹೋಗುವ ಗೋವಾ ಎಕ್ಸ್‌ಪ್ರೆಸ್ ಇದೆ. ಕರಾವಳಿಯವರಿಗೆ ಎರ್ನಾಕುಲಂನಿಂದ ಬರುವ ಮಂಗಳಾ ಎಕ್ಸ್‌ಪ್ರೆಸ್. ಇದರಲ್ಲಿ ಉಡುಪಿ, ಕಾರವಾರ ಎಲ್ಲ ರಾತ್ರಿಯಲ್ಲೇ ಹೋಗಿಬಿಡುತ್ತವೆ, ಬೆಳಗ್ಗೆ ಏಳುವ ಹೊತ್ತಿಗೆ ರತ್ನಾಗಿರಿ ಕಡೆಯ ಸುರಂಗಗಳು. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆ ವೇಳಾಪಟ್ಟಿ ಬರುತ್ತದೆ, ಗಾಡಿಗಳು ನಿಧಾನ ಓಡುತ್ತವೆ, ಹೊರಡುವ ಹೊತ್ತೂ ಬದಲಾಗುತ್ತದೆ. ಆಗ ಯಾವ ಜಾಗ ಹಗಲಿಗೆ ಸಿಗುತ್ತದೆ ಎಂದು ಹೊಸದಾಗಿ ಲೆಕ್ಕ ಹಾಕಬೇಕು.

ಬರುವಾಗಿನ ಲೆಕ್ಕವೂ ಬೇರೆಯೇ. ಕರ್ನಾಟಕ ಎಕ್ಸ್‌ಪ್ರೆಸ್ ದಿಲ್ಲಿಯನ್ನು ರಾತ್ರಿ ಬಿಡುವುದರಿಂದ ಹೋಗುವಾಗ ಮಲಗಿ ದಾಟಿದ ಎಷ್ಟೋ ಜಾಗ ಬರುವಾಗ ಹಗಲಿಗೆ ಸಿಗುತ್ತದೆ. ಭೋಪಾಲ್ ಬಿಟ್ಟ ಮೇಲೆ ಬೆಳಗಿನ ಹೊತ್ತಲ್ಲಿ ಬರಖೇಡಾದ ಕಾಡು, ಅದನ್ನಿಳಿದರೆ ನರ್ಮದೆ. ಸೇತುವೆ ಮೇಲೆ ಗಾಡಿ ಹೋಗುವಾಗ ಬೋಗಿಯಲ್ಲಿ ಅರ್ಧ ಜನ ಎದ್ದು ನಿಂತು ಕೈಮುಗಿಯುತ್ತಾರೆ, ಕಿಟಕಿಯಿಂದ ಚಿಲ್ಲರೆ ಹಾರುತ್ತದೆ. ಹಾಗಾಗಿ ಹೋಗುವುದಕ್ಕೆ ರಾಜಧಾನಿ, ಬರುವುದಕ್ಕೆ ಕರ್ನಾಟಕ ಅನ್ನುವುದು ದುಡ್ಡಿದ್ದವರಿಗೆ ಒಳ್ಳೆಯ ಜೋಡಿ. ದುಡ್ಡಿಲ್ಲದಿದ್ದರೆ ಎರಡು ಕಡೆಗೂ ಕರ್ನಾಟಕ. ಅದೂ ಎರಡು ಬೇರೆ ಬೇರೆ ಗಾಡಿಯಲ್ಲಿ ಹೋದ ಹಾಗೇ ಇರುತ್ತದೆ.

ಸ್ಲೀಪರೋ ಎಸಿಯೋ: ತಿಂಗಳು ನೋಡಿ ಹೇಳುತ್ತೇನೆ

ಸ್ಲೀಪರ್‌ಗಿಂತ ಥರ್ಡ್ ಎಸಿ ಹತ್ತಿರಹತ್ತಿರ ಎರಡೂವರೆ ಪಟ್ಟು ದುಬಾರಿ. ಥರ್ಡ್ ಎಸಿಗಿಂತ ಸೆಕೆಂಡ್ ಎಸಿ ಸುಮಾರು ಒಂದೂವರೆ ಪಟ್ಟು. ಮೊದಲನೇ ಜಿಗಿತಕ್ಕೆ ಅರ್ಥ ಇದೆ, ಎರಡನೆಯದಕ್ಕೆ ನಮ್ಮ ವಯಸ್ಸಿನವರಿಗೆ ಇಲ್ಲ. ಸೆಕೆಂಡ್ ಎಸಿಯಲ್ಲಿ ಪರದೆ ಇರುತ್ತದೆ, ಮಧ್ಯದ ಬರ್ತ್ ಇರುವುದಿಲ್ಲ, ಅಷ್ಟೇ. ಪರದೆ ಎಳೆದುಕೊಂಡು ಎಲ್ಲರೂ ಮಲಗಿರುವ ಬೋಗಿಯಲ್ಲಿ ಹಗಲು ಕಳೆಯುವುದು ಎಂಥ ಶಿಕ್ಷೆ ಅಂತ ಹೋದವರಿಗೆ ಗೊತ್ತು.

ಸ್ಲೀಪರ್ ಮತ್ತು ಥರ್ಡ್ ಎಸಿ ನಡುವೆ ತೀರ್ಮಾನ ಮಾಡುವುದು ಕ್ಯಾಲೆಂಡರು.

ಏಪ್ರಿಲ್ ನಡುವಿನಿಂದ ಜೂನ್ ನಡುವಿನ ತನಕ ಕರ್ನಾಟಕ ಎಕ್ಸ್‌ಪ್ರೆಸ್‌ನ ಸ್ಲೀಪರ್ ಬೇಡ. ಹೇಳಿದೆನಲ್ಲ, ಆ ಗಾಡಿಯ ಮಧ್ಯಾಹ್ನ ಬೀಳುವುದು ಮನ್ಮಾಡ್‌ನಿಂದ ಭುಸಾವಳದ ನಡುವೆ. ಮೇ ತಿಂಗಳಲ್ಲಿ ಜಳಗಾಂವ್, ಭುಸಾವಳದಲ್ಲಿ 43, 44 ಡಿಗ್ರಿ ಆಗುವುದು ಸುದ್ದಿಯೇ ಅಲ್ಲ. ಕಿಟಕಿ ತೆಗೆದರೆ ಹಂಚಿನಿಂದೆದ್ದ ಹಬೆಯಂಥ ಗಾಳಿ, ಮುಚ್ಚಿದರೆ ಉಸಿರುಗಟ್ಟುತ್ತದೆ. ಫ್ಯಾನು ಆ ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಮೇಲಿನ ಬರ್ತಿಗೆ ಹತ್ತುವ ಹಾಗೇ ಇಲ್ಲ, ಛಾವಣಿ ಮುಟ್ಟಿದರೆ ಕೈ ಸುಡುತ್ತದೆ. ಬಟ್ಟೆ ಒದ್ದೆ ಮಾಡಿ ಕಿಟಕಿಗೆ ಕಟ್ಟುವ ಉಪಾಯ ಎಲ್ಲರೂ ಮಾಡುತ್ತಾರೆ, ಹತ್ತು ನಿಮಿಷಕ್ಕೆ ಒಣಗುತ್ತದೆ. ಆ ಎರಡು ತಿಂಗಳು ಎಸಿಗೆ ಕೊಡುವ ದುಡ್ಡು ದಂಡವಲ್ಲ.

ಜುಲೈನಿಂದ ಅಕ್ಟೋಬರ್ ತನಕ, ಮತ್ತೆ ಫೆಬ್ರವರಿ ಮಾರ್ಚ್‌ನಲ್ಲಿ ಸ್ಲೀಪರೇ ಸರಿ. ದುಡ್ಡಿಗಾಗಿ ಮಾತ್ರ ಅಲ್ಲ. ಎಸಿ ಬೋಗಿಯ ಕಿಟಕಿ ತೆರೆಯುವುದಿಲ್ಲ, ಗಾಜು ಬಣ್ಣದ್ದು, ಎಷ್ಟೋ ಸಲ ಹೊರಗಡೆಯಿಂದ ಧೂಳು ಮೆತ್ತಿಕೊಂಡಿರುತ್ತದೆ. ಮಳೆ ಬಿದ್ದ ಕಪ್ಪು ಮಣ್ಣಿನ ವಾಸನೆ, ಸ್ಟೇಷನ್ ಬರುವ ಮುಂಚೆಯೇ ಮೂಗಿಗೆ ಬಡಿಯುವ ಕರಿದ ಎಣ್ಣೆಯ ವಾಸನೆ, ಪಕ್ಕದ ಹಳಿಯಲ್ಲಿ ಗೂಡ್ಸ್ ಹೋಗುವ ಸದ್ದು, ಇದೆಲ್ಲ ಸ್ಲೀಪರ್‌ನವರ ಪಾಲಿಗೆ ಮಾತ್ರ.

ನವೆಂಬರ್ ಕೊನೆಯಿಂದ ಜನವರಿ ಮುಗಿಯುವ ತನಕ ಮತ್ತೆ ಎಸಿ, ಈ ಸಲ ಚಳಿಗಾಗಿ. ಬೆಂಗಳೂರಿನಲ್ಲಿ ಸ್ವೆಟರ್ ಹಾಕಿ ಹತ್ತಿದವರಿಗೆ ಭೋಪಾಲ್ ಆದಮೇಲಿನ ರಾತ್ರಿ ಏನೆಂದು ಗೊತ್ತಿರುವುದಿಲ್ಲ. ಸ್ಲೀಪರ್‌ನಲ್ಲಿ ಹಾಸಿಗೆ ಹೊದಿಕೆ ಕೊಡುವುದಿಲ್ಲ. ಕಿಟಕಿಯ ಷಟರ್ ಎಷ್ಟೇ ಒತ್ತಿದರೂ ಸಂದಿನಿಂದ ಗಾಳಿ ನುಗ್ಗುತ್ತದೆ. ದಪ್ಪ ಕಂಬಳಿ ಹೊರುವ ತಾಕತ್ತಿದ್ದರೆ ಸ್ಲೀಪರಲ್ಲಿ ಹೋಗಿ. ಇನ್ನೊಂದು, ಆ ತಿಂಗಳುಗಳಲ್ಲಿ ಝಾನ್ಸಿಯಿಂದಾಚೆ ಮಂಜು. ಗಾಡಿ ಮೂರು ಗಂಟೆ ತಡ ಅಂದರೆ ಬೇಗ ಬಂತು ಅಂತ ಲೆಕ್ಕ. ದಿಲ್ಲಿಯಿಂದ ಮುಂದೆ ಚಂಡೀಗಢಕ್ಕೋ ಹರಿದ್ವಾರಕ್ಕೋ ಅದೇ ದಿನದ ಗಾಡಿಗೆ ಟಿಕೆಟ್ ಮಾಡಿಟ್ಟುಕೊಳ್ಳಬೇಡಿ.

ಕೆಲವು ಗಾಡಿಗಳಲ್ಲಿ 2021ರಿಂದ ಥರ್ಡ್ ಎಸಿ ಇಕಾನಮಿ ಅಂತ ಬಂದಿದೆ, ಟಿಕೆಟ್ ಮೇಲೆ '3ಇ' ಅಂತಿರುತ್ತದೆ. ಮಾಮೂಲಿ ಥರ್ಡ್ ಎಸಿಯಲ್ಲಿ 72 ಬರ್ತ್ ಇರುವ ಜಾಗದಲ್ಲಿ ಇದರಲ್ಲಿ 80ಕ್ಕೂ ಹೆಚ್ಚು ತುರುಕಿದ್ದಾರೆ. ಆದರೆ ಪ್ರತಿ ಬರ್ತಿಗೂ ಅದರದೇ ಲೈಟು, ಚಾರ್ಜಿಂಗ್, ಎಸಿ ಗಾಳಿಯ ತೂತು. ದರ ಸ್ವಲ್ಪ ಕಮ್ಮಿ. ಉದ್ದ ಕಾಲಿನವರಿಗೆ ಇಕ್ಕಟ್ಟು, ನನ್ನಂಥ ಗಿಡ್ಡರಿಗೆ ಧಾರಾಳ.

ಜನರಲ್ ಬೋಗಿಯ ಬಗ್ಗೆ ರೀಲ್ಸ್ ನೋಡಿ ಹುರುಪಾಗುವವರಿಗೆ ಒಂದೇ ಮಾತು: ಬೀದರ್‌ಗೋ ಸೊಲ್ಲಾಪುರಕ್ಕೋ ಒಮ್ಮೆ ಹೋಗಿ ನೋಡಿ, ಆಮೇಲೆ ದಿಲ್ಲಿಯ ಮಾತು.

ಬರ್ತು

ನನಗೆ ಗೊತ್ತಿರುವವರೆಲ್ಲ ಸ್ವಲ್ಪವೂ ಯೋಚಿಸದೆ ಕ್ಲಿಕ್ ಮಾಡುವ ಜಾಗ ಇದು. ಎರಡು ದಿನದ ಸುಖದುಃಖ ನಿಂತಿರುವುದೂ ಇದರ ಮೇಲೆಯೇ.

ಮೊದಲು ನಂಬರಿನ ಗುಟ್ಟು. ಸ್ಲೀಪರ್ ಮತ್ತು ಮಾಮೂಲಿ ಥರ್ಡ್ ಎಸಿಯಲ್ಲಿ ಎಂಟೆಂಟರ ಗುಂಪು. 1, 4 ಕೆಳಗಿನದು; 2, 5 ಮಧ್ಯದ್ದು; 3, 6 ಮೇಲಿನದು; 7 ಸೈಡ್ ಲೋವರ್; 8 ಸೈಡ್ ಅಪ್ಪರ್. ನಿಮ್ಮ ನಂಬರನ್ನು ಎಂಟರಿಂದ ಭಾಗಿಸಿ ಉಳಿದದ್ದು ನೋಡಿದರೆ ಸಾಕು. 47 ಬಂದರೆ ಶೇಷ 7, ಸೈಡ್ ಲೋವರ್. ಮೊದಲ ಎಂಟು ಮತ್ತು ಕೊನೆಯ ಎಂಟು ಬಾಗಿಲ ಪಕ್ಕದವು. ರಾತ್ರಿಯಿಡೀ ಬಾಗಿಲ ಬಡಿತ, ಶೌಚಾಲಯದ ಓಡಾಟ, ಬೆಳಗ್ಗೆ ಹಲ್ಲುಜ್ಜುವವರ ಕ್ಯೂ ನಿಮ್ಮ ಕಾಲ ಬಳಿ. ಮೂವತ್ತು ನಲವತ್ತರ ಆಸುಪಾಸಿನ ನಂಬರು ಬಂದರೆ ಬೋಗಿಯ ನಡುಮಧ್ಯೆ, ಅದೃಷ್ಟ.

ಕೆಳಗಿನ ಬರ್ತ್ ಎಲ್ಲರಿಗೂ ಬೇಕು. ಹಗಲಿಗೆ ಕಿಟಕಿ ಪಕ್ಕ ಸಿಗುತ್ತದೆ ನಿಜ, ಆದರೆ ಮಲಗುವ ಹೊತ್ತಾಗುವ ತನಕ ಅದು ಮೂವರ ಸೀಟು. ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಮಾತ್ರ ಅದು ನಿಮ್ಮ ಹಾಸಿಗೆ. ಮಧ್ಯಾಹ್ನ ಕಣ್ಣು ಎಳೆದರೆ ಕೂತೇ ತೂಕಡಿಸಬೇಕು. ಜತೆಗೆ ವಯಸ್ಸಾದವರು ಯಾರಾದರೂ ಬಂದು "ಬೇಟಾ, ಮೊಣಕಾಲು ನೋವು" ಅಂದರೆ ಬಿಟ್ಟುಕೊಡದೆ ಇರಲಾಗುತ್ತದಾ? ಹಾಗಾಗಿ ಇಪ್ಪತ್ತೈದರ ಒಳಗಿನವರು ಕೆಳಗಿನ ಬರ್ತಿಗೆ ಒದ್ದಾಡುವುದು ವ್ಯರ್ಥ.

ಮಧ್ಯದ ಬರ್ತ್ ಯಾರಿಗೂ ಬೇಡ, ಸಿಕ್ಕವರಿಗೆ ಸಿಗುತ್ತದೆ. ಹಗಲು ಮಡಚಿಟ್ಟಿರುತ್ತಾರೆ, ನಿಮಗೆ ಅಂತ ಒಂದು ಜಾಗವೇ ಇಲ್ಲ. ರಾತ್ರಿ ಕೆಳಗಿನವರು ಒಪ್ಪಿದ ಮೇಲೆ ಸರಪಳಿ ಹಾಕಿಕೊಂಡು ಮಲಗಬೇಕು. ಇಬ್ಬರು ಗೆಳೆಯರು ಹೋಗುವಾಗ ಒಬ್ಬನಿಗೆ ಕೆಳಗಿನದು, ಒಬ್ಬನಿಗೆ ಮಧ್ಯದ್ದು ಬಂದರೆ ಮಾತ್ರ ಅನುಕೂಲ, ಎದ್ದೇಳುವ ಹೊತ್ತು ನಿಮ್ಮ ಕೈಯಲ್ಲೇ ಇರುತ್ತದೆ.

ಮೇಲಿನ ಬರ್ತ್ ನಿದ್ದೆಗಾರರ ಸ್ವರ್ಗ. ಬೆಳಗ್ಗೆ ಒಂಬತ್ತಾದರೂ ಯಾರೂ ಎಬ್ಬಿಸುವುದಿಲ್ಲ. ಬ್ಯಾಗು ತಲೆಯ ಕೆಳಗೆ, ಚಪ್ಪಲಿ ಫ್ಯಾನಿನ ಜಾಲರಿಯ ಮೇಲೆ. ಎಲ್ಲರ ಜಗಳವನ್ನೂ ಮೇಲಿಂದ ನೋಡಬಹುದು. ಕಿಟಕಿ ಮಾತ್ರ ಇಲ್ಲ. ಪರೀಕ್ಷೆ ಮುಗಿಸಿ ಊರಿಗೆ ಹೊರಟವರು ಇದನ್ನೇ ಆರಿಸಿಕೊಳ್ಳಿ.

ನನ್ನ ಆಯ್ಕೆ ಸೈಡ್ ಲೋವರ್. ಒಂದಿಡೀ ಕಿಟಕಿ ನಿಮ್ಮದು, ಕಾಲು ಚಾಚಿ ಒರಗಿ ಕೂತುಕೊಳ್ಳಬಹುದು, ಎದುರಿಗೆ ಇಡೀ ಕೂಪೆಯ ಸಂಸಾರ ಕಾಣುತ್ತದೆ. ಹಗಲು ಸೈಡ್ ಅಪ್ಪರ್‌ನವರಿಗೂ ಅಲ್ಲೇ ಜಾಗ ಕೊಡಬೇಕು, ಅದು ನಿಯಮ, ಆದರೆ ಅವರು ಒಬ್ಬರೇ. ತೊಂದರೆ ಇರುವುದು ಅಳತೆಯಲ್ಲಿ. ಉದ್ದ ಕಮ್ಮಿ, ಹಾಗಾಗಿ ಎತ್ತರದವರ ಕಾಲು ಮಡಚಿಯೇ ಇರಬೇಕು. ಓಡಾಡುವವರ ಬ್ಯಾಗು ಭುಜಕ್ಕೆ ತಾಗುತ್ತಲೇ ಇರುತ್ತದೆ. ಐದೂಮುಕ್ಕಾಲು ಅಡಿ ದಾಟಿದವರು ಇದರ ಆಸೆ ಬಿಟ್ಟು ಮೇಲಿನದು ಕೇಳಿ. ಸೈಡ್ ಅಪ್ಪರ್‌ನಲ್ಲಿ ಸೈಡ್ ಲೋವರಿನ ಕಷ್ಟಗಳೆಲ್ಲ ಇವೆ, ಕಿಟಕಿಯೊಂದಿಲ್ಲ.

ಆರ್‌ಎಸಿ (ಯಾರಾದರೂ ರದ್ದು ಮಾಡಿದರೆ ಪೂರ್ತಿ ಬರ್ತ್ ಆಗುವ ಟಿಕೆಟ್) ಬಂದರೂ ಸಿಗುವುದು ಇದೇ ಸೈಡ್ ಲೋವರ್, ಇಬ್ಬರಿಗೆ ಅರ್ಧರ್ಧ. ಆರ್‌ಎಸಿ ಅಂತ ಕಂಡ ತಕ್ಷಣ ಕ್ಯಾನ್ಸಲ್ ಮಾಡುವವರಿದ್ದಾರೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಮಾಡಬೇಡಿ. ರಾಯಚೂರು, ಕಲಬುರಗಿ, ಸೊಲ್ಲಾಪುರದಲ್ಲಿ ಇಳಿಯುವ ಜನ ಬಹಳ, ಬೆಳಗಾಗುವಷ್ಟರಲ್ಲಿ ಜಾಗ ಆಗುವ ಸಾಧ್ಯತೆ ಹೆಚ್ಚು. ಒಮ್ಮೆ ನನ್ನ ಜತೆ ಅರ್ಧ ಸೀಟಿಗೆ ಬಂದವರು ಕಲಬುರಗಿಯ ಒಬ್ಬ ಅಕ್ಕ, ಬೆಂಗಳೂರಲ್ಲಿ ಮಗನ ಮನೆಗೆ ಬಂದು ವಾಪಸ್ ಹೊರಟಿದ್ದರು. ಯಲಹಂಕ ದಾಟುವ ಮುಂಚೆಯೇ ಗಂಟು ಬಿಚ್ಚಿದರು. ಖಡಕ್ ರೊಟ್ಟಿ, ಪೇಪರಿನಲ್ಲಿ ಶೇಂಗಾ ಹಿಂಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೆನೆ ಮೊಸರು. "ದಿಲ್ಲಿ ತನಕ ಹೊಂಟೀಯಂತ, ಹೊಟ್ಟಿ ಖಾಲಿ ಇಟ್ಕೊಂಡು ಹ್ಯಾಂಗ ಹೋಗ್ತಿ ತಂಗಿ? ತಗೋ, ತಿನ್ನು." ಬೇಡ ಅಂದದ್ದನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ರಾತ್ರಿ ನಾವಿಬ್ಬರೂ ಒಬ್ಬರ ಕಾಲಿನ ಪಕ್ಕ ಒಬ್ಬರ ತಲೆ ಇಟ್ಟು ಅಡ್ಡಾದೆವು. ನಸುಕಿನಲ್ಲಿ ಇಳಿಯುವಾಗ ಉಳಿದ ನಾಲ್ಕು ರೊಟ್ಟಿ ನನ್ನ ಬ್ಯಾಗಿನ ಪಕ್ಕ ಇಟ್ಟು ಹೋಗಿದ್ದರು. ಮನ್ಮಾಡ್ ತನಕ ಇಡೀ ಬರ್ತ್ ನನ್ನದು, ಊಟವೂ ಅವರದೇ.

ಒಬ್ಬರೇ ಹೋಗುವ ಹುಡುಗಿಯರಿಗೆ ಎರಡು ಮಾತು. ದೂರದ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳ ಸ್ಲೀಪರ್‌ನಲ್ಲಿ ಆರು ಬರ್ತ್ ಲೇಡೀಸ್ ಕೋಟಾ ಅಂತ ಇರುತ್ತದೆ, ವಯಸ್ಸಿನ ಮಿತಿ ಇಲ್ಲ. ಬುಕ್ ಮಾಡುವಾಗ ಕೋಟಾ ಜಾಗದಲ್ಲಿ 'ಲೇಡೀಸ್' ಆರಿಸಿ ನೋಡಿ. ಜನರಲ್ ಕೋಟಾದಲ್ಲಿ ವೇಟಿಂಗ್ ತೋರಿಸುವಾಗಲೂ ಅಲ್ಲಿ ಖಾಲಿ ಇರುವುದುಂಟು. ಯಾರಾದರೂ ಕಿರಿಕಿರಿ ಮಾಡಿದರೆ 139ಕ್ಕೆ ಫೋನ್ ಮಾಡಿ, ಬೋಗಿ ನಂಬರ್, ಬರ್ತ್ ನಂಬರ್ ಹೇಳಿ. ಅದಕ್ಕೂ ಮುಂಚೆ ಎದುರಿನ ಸಂಸಾರಸ್ಥರಿಗೆ ಹೇಳಿ. ಹತ್ತಿದ ಕೂಡಲೇ ಅವರನ್ನು ಮಾತಾಡಿಸಿ ಇಟ್ಟುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಊಟ

ರಾಜಧಾನಿಯಲ್ಲಿ ಊಟ ಸೇರಿಸಿಯೇ ಟಿಕೆಟ್ ತೆಗೆಯಬಹುದು, ಬೇಡ ಅಂತಲೂ ಆರಿಸಬಹುದು. ಹೊತ್ತುಹೊತ್ತಿಗೆ ಟ್ರೇ ಬರುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಪ್ಯಾಂಟ್ರಿ ಇದೆ, ಐಆರ್‌ಸಿಟಿಸಿಯ ಇ-ಕೇಟರಿಂಗ್‌ನಲ್ಲಿ ಮುಂದಿನ ಸ್ಟೇಷನ್ನಿನ ಹೋಟೆಲಿಂದ ಸೀಟಿಗೇ ತರಿಸಿಕೊಳ್ಳಬಹುದು. ನನ್ನ ಲೆಕ್ಕ: ಮೊದಲ ರಾತ್ರಿಗೆ ಮನೆಯಿಂದ ಚಪಾತಿ ಅಥವಾ ಪುಳಿಯೋಗರೆ, ಮಾರನೇ ಹಗಲಿಗೆ ಖಡಕ್ ರೊಟ್ಟಿ, ಚಟ್ನಿಪುಡಿ, ಬಾಳೆಹಣ್ಣು. ಎರಡನೇ ರಾತ್ರಿಗೆ ಮಾತ್ರ ಆರ್ಡರ್. ಮೊಸರನ್ನ ಮೊದಲ ರಾತ್ರಿಗೇ ಮುಗಿಸಿಬಿಡಿ. ರೈಲ್ ನೀರ್ ಲೀಟರಿಗೆ ₹14, ಅದಕ್ಕಿಂತ ಹೆಚ್ಚು ಕೇಳಿದರೆ ಬಾಟಲಿ ಮೇಲಿನ ಬೆಲೆ ತೋರಿಸಿ. ಚಿಲ್ಲರೆ ನೋಟು ಇಟ್ಟುಕೊಳ್ಳಿ. ಗಾಡಿ ಹೊರಡುವ ಹೊತ್ತಿಗೆ ಯುಪಿಐ ಸುತ್ತುತ್ತಲೇ ಇರುತ್ತದೆ, ಚಾಯ್‌ವಾಲಾ ಬೋಗಿಯ ಪಕ್ಕ ಓಡುತ್ತಿರುತ್ತಾನೆ.

ಟಿಕೆಟ್

2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ, ಮೊದಲು 120 ಇತ್ತು. ದಸರಾ, ದೀಪಾವಳಿ, ಬೇಸಿಗೆ ರಜೆಗೆ ಹೋಗುವವರು ಆ ಅರವತ್ತನೇ ದಿನದ ಬೆಳಗ್ಗೆಯೇ ಕೂರಬೇಕು. ತಪ್ಪಿದರೆ ತತ್ಕಾಲ್: ಗಾಡಿ ಹೊರಡುವ ಹಿಂದಿನ ದಿನ ಎಸಿಗೆ ಬೆಳಗ್ಗೆ 10, ಸ್ಲೀಪರ್‌ಗೆ 11. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಣೆ ಬೇಕೇ ಬೇಕು, ಅದನ್ನು ಹಿಂದಿನ ರಾತ್ರಿ ಮಾಡಲು ಕೂರಬೇಡಿ.

ವೇಟಿಂಗ್ ಲಿಸ್ಟಿನಲ್ಲೂ ಜಾತಿಗಳಿವೆ. ಜಿಎನ್‌ಡಬ್ಲ್ಯುಎಲ್ ಅಂದರೆ ಗಾಡಿ ಹೊರಡುವ ಸ್ಟೇಷನ್ನಿನ ಕಡೆಯ ಲಿಸ್ಟು, ಬೇಗ ಕರಗುತ್ತದೆ. ಪಿಕ್ಯುಡಬ್ಲ್ಯುಎಲ್, ಆರ್‌ಎಲ್‌ಡಬ್ಲ್ಯುಎಲ್ ಅಂತಿದ್ದರೆ ಅವು ನಡುದಾರಿಯ ಸ್ಟೇಷನ್ನುಗಳ ಕಡೆಯ ಲಿಸ್ಟು, ಇಪ್ಪತ್ತನೇ ನಂಬರಿಗೂ ಭರವಸೆ ಇಡಬೇಡಿ. ಚಾರ್ಟ್ ಆದ ಮೇಲೂ ಪೂರ್ತಿ ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ತಾನಾಗಿ ರದ್ದಾಗಿ ದುಡ್ಡು ವಾಪಸ್ ಬರುತ್ತದೆ, ಅದನ್ನು ಹಿಡಿದು ರಿಸರ್ವೇಷನ್ ಬೋಗಿ ಹತ್ತುವಂತಿಲ್ಲ.

ವಿದ್ಯಾರ್ಥಿಗಳಿಗೆ ಊರಿಗೆ ಹೋಗಿಬರಲು ಸ್ಲೀಪರ್‌ನಲ್ಲಿ ಅರ್ಧ ದರದ ರಿಯಾಯಿತಿ ಇನ್ನೂ ಇದೆ, ಪರಿಶಿಷ್ಟರಿಗೆ ಇನ್ನೂ ಹೆಚ್ಚು. ಕಾಲೇಜಿನಿಂದ ರಿಯಾಯಿತಿ ಫಾರಂಗೆ ಸಹಿ ಹಾಕಿಸಿಕೊಂಡು ಕೌಂಟರಿಗೆ ಹೋಗಬೇಕು. ಆ್ಯಪ್ ಬಿಟ್ಟು ಬೇರೆ ಕಡೆ ನೋಡದವರಿಗೆ ಇದು ಗೊತ್ತೇ ಇರುವುದಿಲ್ಲ.

ದಾರಿಯಲ್ಲಿ ಮುಂಬೈಯಲ್ಲೋ ಭೋಪಾಲ್‌ನಲ್ಲೋ ಒಂದು ದಿನ ಇಳಿದು ಹೋಗೋಣ ಅನ್ನಿಸಿದರೆ ಲೆಕ್ಕ ಹೀಗಿದೆ. ರೈಲಿನ ದರ ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಅಗ್ಗವಾಗುತ್ತ ಹೋಗುತ್ತದೆ. ಅದೇ ದೂರವನ್ನು ಎರಡು ಟಿಕೆಟ್ ಮಾಡಿ ಕತ್ತರಿಸಿದರೆ ಹೆಚ್ಚು ಕೊಡಬೇಕು. ಆದರೂ ಎರಡನೇ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ: ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈ, ಒಂದು ದಿನ ಊರು ಸುತ್ತಿ, ಮರುದಿನ ಸಂಜೆ ಮುಂಬೈ ಸೆಂಟ್ರಲ್‌ನಿಂದ ದಿಲ್ಲಿಗೆ ರಾತ್ರಿಯ ಗಾಡಿ. ನಾಲ್ಕಾರು ಊರು ಸುತ್ತಿ ಹೊರಟಲ್ಲಿಗೇ ಬರುವ ಯೋಜನೆ ಇದ್ದರೆ ಸರ್ಕ್ಯುಲರ್ ಜರ್ನಿ ಟಿಕೆಟ್ ಅಂತ ಇದೆ, ಎಂಟು ಕಡೆ ಇಳಿಯಬಹುದು, ಒಟ್ಟು ದೂರದ ಅಗ್ಗದ ದರ ಸಿಗುತ್ತದೆ. ಅರ್ಜಿ, ಕೌಂಟರು, ಪ್ರತಿ ಹಂತಕ್ಕೂ ಬೇರೆ ರಿಸರ್ವೇಷನ್, ತಾಳ್ಮೆ ಇದ್ದವರಿಗೆ.

ಹತ್ತುವ ಜಾಗ, ಇಳಿಯುವ ಜಾಗ

ಬೆಂಗಳೂರಿನ ಸ್ಟೇಷನ್ ಯಾವುದು ಅಂತ ಟಿಕೆಟ್ ಮೇಲೆ ಎರಡು ಸಲ ಓದಿ. ದಿಲ್ಲಿಯ ಎರಡು ಮುಖ್ಯ ಗಾಡಿ ಮೆಜೆಸ್ಟಿಕ್‌ನಿಂದ, ಸಂಪರ್ಕ ಕ್ರಾಂತಿ ಯಶವಂತಪುರದಿಂದ. 2022ರಲ್ಲಿ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾದ ಮೇಲೆ ಹೌರಾ, ಗುವಾಹಟಿ ಕಡೆಯವು ಅಲ್ಲಿಂದ. ಬಂಗಾಳಕ್ಕೆ ಹೋಗುವವರಿಗೆ 2023ರ ಡಿಸೆಂಬರ್‌ನಲ್ಲಿ ಶುರುವಾದ ಮಾಲ್ಡಾ ಅಮೃತ್ ಭಾರತ್ ಕೂಡ ಅಲ್ಲಿಂದಲೇ, ಪೂರ್ತಿ ಎಸಿ ಇಲ್ಲದ ಗಾಡಿ.

ದಿಲ್ಲಿಯ ಕಡೆ, ರಾಜಧಾನಿಯವರು ನಸುಕಿಗೆ ನಿಜಾಮುದ್ದೀನ್‌ನಲ್ಲಿ ಇಳಿದಾಗ ಮೆಟ್ರೊ ಇನ್ನೂ ಶುರುವಾಗಿರುವುದಿಲ್ಲ ಅಥವಾ ಆಗತಾನೇ ಆಗಿರುತ್ತದೆ. ಹೊರಗೆ ಬಂದ ತಕ್ಷಣ ಸುತ್ತುವರಿಯುವ ಆಟೋದವರು ಹೇಳುವ ಮೊದಲ ದರಕ್ಕೆ ಒಪ್ಪಬೇಡಿ. ವೇಟಿಂಗ್ ಹಾಲಿನಲ್ಲಿ ಮುಖ ತೊಳೆದು ಚಹಾ ಕುಡಿಯುವಷ್ಟರಲ್ಲಿ ಪಿಂಕ್ ಲೈನಿನ ಸರಾಯ್ ಕಾಲೇ ಖಾನ್ ಸ್ಟೇಷನ್ ತೆರೆದಿರುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್‌ನವರು ನವದೆಹಲಿಯಲ್ಲಿ ಇಳಿಯುವಾಗ ಮೇಲ್ಸೇತುವೆಯಲ್ಲಿ ಯಾವ ಕಡೆ ತಿರುಗಬೇಕೆಂದು ಮೊದಲೇ ಗೊತ್ತಿರಲಿ: ಅಜ್ಮೇರಿ ಗೇಟ್ ಕಡೆ ಇಳಿದರೆ ಯೆಲ್ಲೋ ಲೈನ್ ಮತ್ತು ಏರ್‌ಪೋರ್ಟ್ ಮೆಟ್ರೊ, ಪಹಾಡ್‌ಗಂಜ್ ಕಡೆ ಇಳಿದರೆ ಅಗ್ಗದ ಲಾಡ್ಜುಗಳು. ಟ್ರಂಕು, ಹಾಸಿಗೆ ಹೊತ್ತು ಬಂದವರು ಪಹಾಡ್‌ಗಂಜ್ ಕಡೆ ಇಳಿದರೆ ಮತ್ತೆ ಅಷ್ಟೂ ಮೆಟ್ಟಿಲು ಹತ್ತಿ ಬರಬೇಕಾಗುತ್ತದೆ.